ಗುಪ್ತಚರ ಸಂಸ್ಥೆಯೂ ಶಾಸಕರೂ: ಅಮೆರಿಕದ ಒಂದು ಕಚೇರಿಯ ದಿನಚರಿ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಪುರುಷರ ನೇಮಕವನ್ನು ಕುರಿತ ಅಧ್ಯಾಯಗಳು ಮೊದಲನೆಯ ಅಧಿಕರಣದಲ್ಲಿಯೇ ಬರುತ್ತವೆ. ಅವರು ತಂದ ಸುದ್ದಿಯನ್ನು ಪರೀಕ್ಷಿಸುವ ಕ್ರಮವೂ ಅಲ್ಲಿ ಹೇಳಲ್ಪಟ್ಟಿದೆ: ಮೂವರ ಮಾತು ಒಂದಾದರೆ ಮಾತ್ರ ಅದನ್ನು ನಂಬಬೇಕು. ಆದರೆ ಆ ಸುದ್ದಿಯು ಕೊನೆಗೆ ಹೋಗಿ ಸೇರುವ ಸ್ಥಾನವು ಒಂದೇ, ಅದು ಅರಸನ ಕಿವಿ. ಗೂಢಚಾರರಿಗಾಗಿ ವೆಚ್ಚವಾದುದೆಷ್ಟು, ಅವರು ಮಾಡಿದ್ದೇನು ಎಂದು ಕೇಳುವ ಹಕ್ಕುಳ್ಳ ಸಭೆಯೊಂದನ್ನು ಆ ಗ್ರಂಥವು ಕಲ್ಪಿಸಿಕೊಂಡಿಲ್ಲ. ಅದು ರಾಜ್ಯಶಾಸ್ತ್ರಕ್ಕೆ ತೀರ ಈಚೆಗೆ ಬಂದ ಕಲ್ಪನೆ. ಆ ಕಲ್ಪನೆಯು ಆಚರಣೆಗೆ ಬಂದ ಬಗೆಯನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಕೇಂದ್ರ ಗುಪ್ತಚರ ಸಂಸ್ಥೆಯ, ಎಂದರೆ ಸಿ.ಐ.ಎ. ಎಂದು ಪ್ರಸಿದ್ಧವಾದ ಸಂಸ್ಥೆಯ, ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಷಯವನ್ನು ಕುರಿತು ಬರೆದವರು ಸಾಮಾನ್ಯವಾಗಿ ಶಾಸನಗಳ ಸರಣಿಯನ್ನು ಹೇಳುತ್ತಾರೆ: ೧೯೪೭, ೧೯೪೯, ೧೯೭೪, ೧೯೮೦, ೧೯೯೧. ತರಗತಿಗಳಲ್ಲಿ ನಾವೂ ಹಾಗೆಯೇ ಪಾಠ ಹೇಳುತ್ತೇವೆ. ಪರೀಕ್ಷೆಗೆ ಅದು ಅನುಕೂಲ. ಆದರೆ ಶಾಸನವು ‘ತಿಳಿಸತಕ್ಕದ್ದು’ ಎಂದು ವಿಧಿಸಿದ ಮಾತ್ರಕ್ಕೆ ತಿಳಿಸಿದಂತಾಗುವುದಿಲ್ಲ. ಯಾರೋ ಒಬ್ಬ ಅಧಿಕಾರಿಯು ಒಂದು ದಿನ ಒಬ್ಬ ಶಾಸಕನ ಕೋಣೆಗೆ ಹೋಗಬೇಕು, ಬಾಗಿಲು ಮುಚ್ಚಬೇಕು, ಕೆಲವು ಮಾತುಗಳನ್ನು ಆಡಬೇಕು. ಆ ಮಾತುಗಳು ಯಾವುವು, ಅವನ್ನು ಬರೆದಿಟ್ಟವರು ಯಾರು ಎಂಬುದರ ಮೇಲೆಯೇ ಮುಂದಿನ ವಿಚಾರಣೆಯೆಲ್ಲ ನಿಂತಿರುತ್ತದೆ. ಬಹುಕಾಲ ಆ ಲೇಖನಿಯು ಸಂಸ್ಥೆಯ ಕೈಯಲ್ಲಿ ಮಾತ್ರ ಇತ್ತೆಂಬುದೇ ಈ ಚರಿತ್ರೆಯ ಮುಖ್ಯಾಂಶವೆಂದು ನಮಗೆ ತೋರುತ್ತದೆ.

ಇದಕ್ಕೆ ಒಂದು ಉತ್ತಮ ಆಧಾರವಿದೆ. ಶಾಸಕರೊಡನೆ ವ್ಯವಹರಿಸುತ್ತಿದ್ದ ಸಂಸ್ಥೆಯ ವಿಭಾಗಕ್ಕೆ ಆಗ ಶಾಸನ ಸಲಹೆಗಾರರ ಕಚೇರಿ ಎಂದು ಹೆಸರು. ಆ ಕಚೇರಿಯವರು ದಿನದಿನವೂ ಒಂದು ದಿನಚರಿಯನ್ನು ಬರೆದಿಡುತ್ತಿದ್ದರು. ಕಾಲಕ್ರಮದಲ್ಲಿ ರಹಸ್ಯಮುಕ್ತವಾದ ಅದರ ಅನೇಕ ಪುಟಗಳನ್ನು ಮೊದಲು ಮೇರಿಲೆಂಡಿನ ರಾಷ್ಟ್ರೀಯ ಪತ್ರಾಗಾರದಲ್ಲಿ ನಾಲ್ಕೇ ನಾಲ್ಕು ಗಣಕಯಂತ್ರಗಳ ಮುಂದೆ ಕುಳಿತು ಓದಬೇಕಾಗಿತ್ತು. ೨೦೧೭ರ ಜನವರಿಯಲ್ಲಿ ಸಂಸ್ಥೆಯು ಸುಮಾರು ೯,೩೦,೦೦೦ ದಾಖಲೆಗಳನ್ನು ಅಂತರಜಾಲದಲ್ಲಿ ತೆರೆದಿಟ್ಟಾಗ ಈ ಪುಟಗಳೂ ದೂರದ ಓದುಗರಿಗೆ ದೊರಕಿದವು.

ಓದಲು ಕುಳಿತವನಿಗೆ ಮೊದಲು ನಿರಾಶೆಯೇ ಆಗುತ್ತದೆ. ಸಾಹಸದ ಕಥೆಗಳು ಇಲ್ಲಿಲ್ಲ. ಒಬ್ಬ ಸೆನೆಟರನ ಕಾರ್ಯದರ್ಶಿ ದೂರವಾಣಿಯಲ್ಲಿ ಕರೆದು ತಮ್ಮ ಊರಿನ ಯುವಕನೊಬ್ಬನ ಕೆಲಸದ ಅರ್ಜಿ ಏನಾಯಿತೆಂದು ವಿಚಾರಿಸುತ್ತಾರೆ. ಒಂದು ಸಮಿತಿಯ ಸಿಬ್ಬಂದಿಗೆ ರಹಸ್ಯಪತ್ರಗಳನ್ನು ನೋಡಲು ಅನುಮತಿ ದೊರಕಿಸಬೇಕಾಗಿದೆ. ಯಾವುದೋ ಮಸೂದೆಯ ಮೇಲೆ ಸಂಸ್ಥೆಯ ಅಭಿಪ್ರಾಯ ಬೇಕು. ಒಂದು ವಿಚಾರಣೆಯ ಪ್ರತಿಯನ್ನು ಕೈಯಿಂದ ಕೈಗೆ ಮುಟ್ಟಿಸಿ ಬರಬೇಕು. ಪ್ರತಿಯೊಂದು ನಮೂದಿನೊಡನೆ ಅದರ ರಹಸ್ಯದ ಮಟ್ಟವೂ ಬರೆದವನ ಹೆಸರಿನ ಮೊದಲಕ್ಷರಗಳೂ ಇವೆ. ನಡುನಡುವೆ ಅಳಿಸಿದ ಹೆಸರುಗಳ ಬಿಳಿಯ ಜಾಗಗಳು. ನಮ್ಮ ತಾಲ್ಲೂಕು ಕಚೇರಿಯ ಆವಕ-ಜಾವಕ ಪುಸ್ತಕವನ್ನು ನೋಡಿದವರಿಗೆ ಈ ಬರಹದ ಜಾತಿ ಪರಿಚಿತವೇ. ಆದರೂ ಹತ್ತಿಪ್ಪತ್ತು ದಿನಗಳ ನಮೂದುಗಳನ್ನು ಒಟ್ಟಿಗೆ ಓದಿದರೆ ಒಂದು ವಿಷಯ ಹೊಳೆಯುತ್ತದೆ. ಕೆಲಸದ ಅರ್ಜಿಯನ್ನು ವಿಚಾರಿಸಿ ಕೊಟ್ಟ ಅಧಿಕಾರಿಯೇ ನಾಳೆ ಅದೇ ಸೆನೆಟರನ ಮುಂದೆ ಆಯವ್ಯಯವನ್ನು ವಿವರಿಸುವ ಸಭೆಗೆ ದಿನ ಗೊತ್ತುಮಾಡುತ್ತಾನೆ. ಉಪಕಾರವೂ ಉತ್ತರದಾಯಿತ್ವವೂ ಒಂದೇ ಬಾಗಿಲಿನಿಂದ ಓಡಾಡುತ್ತಿದ್ದವು.

ಆ ಬಾಗಿಲನ್ನು ಮೊದಲು ಕಾದವನು ವಾಲ್ಟರ್ ಫೋರ್ಜ್‌ಹೈಮರ್. ಯೇಲ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರವನ್ನೋದಿದ ಈತನು ೧೯೪೬ರಲ್ಲಿ, ಸಂಸ್ಥೆಯು ಇನ್ನೂ ತನ್ನ ಪೂರ್ವರೂಪದಲ್ಲಿದ್ದಾಗಲೇ, ಈ ಕೆಲಸಕ್ಕೆ ಬಂದು ೧೯೫೬ರವರೆಗೆ ಇದ್ದನು. ಗೂಢಚರ್ಯೆಯ ಹಳೆಯ ಪುಸ್ತಕಗಳನ್ನು ಕೂಡಿಹಾಕುವ ಹುಚ್ಚು ಅವನಿಗಿತ್ತು. ಆಮೇಲೆ ಸಂಸ್ಥೆಯ ಐತಿಹಾಸಿಕ ಗ್ರಂಥಸಂಗ್ರಹವನ್ನೇ ವಹಿಸಿಕೊಂಡನು. ೧೯೪೭ರ ಜುಲೈ ೨೬ರಂದು ರಾಷ್ಟ್ರೀಯ ಭದ್ರತಾ ಶಾಸನಕ್ಕೆ ಅಧ್ಯಕ್ಷ ಟ್ರೂಮನ್ನರ ಅಂಕಿತವಾಗಿ, ಸೆಪ್ಟೆಂಬರ್ ೧೮ರಂದು ಸಂಸ್ಥೆಯು ಅಸ್ತಿತ್ವಕ್ಕೆ ಬಂದಿತು. ಅದರ ಹಣಕಾಸಿನ ಅಧಿಕಾರಗಳನ್ನು ನಿರ್ಧರಿಸಿದ್ದು ೧೯೪೯ರ ಶಾಸನ. ಅದರ ಪ್ರಕಾರ ಗೋಪ್ಯ ವೆಚ್ಚಗಳಿಗೆ ನಿರ್ದೇಶಕನ ಸಹಿಯೊಂದೇ ಸಾಕಾದ ಪ್ರಮಾಣ. ರಾಷ್ಟ್ರದ ಭದ್ರತೆಗೆ ಉಪಯುಕ್ತರಾದ ವಿದೇಶೀಯರನ್ನು, ವಲಸೆ ನಿಯಮಗಳನ್ನು ಬದಿಗಿರಿಸಿ, ವರ್ಷಕ್ಕೆ ೧೦೦ ಮಂದಿಯವರೆಗೆ ದೇಶದೊಳಕ್ಕೆ ಸೇರಿಸಿಕೊಳ್ಳುವ ಅವಕಾಶವೂ ಅದರಲ್ಲಿತ್ತು. ಇಷ್ಟು ವಿಶಾಲವಾದ ಅಧಿಕಾರವನ್ನು ಪ್ರತಿನಿಧಿ ಸಭೆಯು ೩೪೮ಕ್ಕೆ ೪ ಮತಗಳಿಂದ ಕೊಟ್ಟಿತು. ಮಸೂದೆಯ ಕಾರಣಗಳನ್ನೆಲ್ಲ ಬಹಿರಂಗವಾಗಿ ಹೇಳುವಂತಿಲ್ಲವೆಂದು ಸದಸ್ಯರಿಗೆ ತಿಳಿಸಲಾಗಿತ್ತು. ಅವರು ಅದನ್ನು ಒಪ್ಪಿದರು.

ಇದಕ್ಕೆ ಒಂದು ವರ್ಷ ಮೊದಲೇ ಒಂದು ಪ್ರಸಂಗ ನಡೆದಿತ್ತು. ೧೯೪೮ರ ಏಪ್ರಿಲ್ ೯ರಂದು ಕೊಲಂಬಿಯದ ಬೊಗೊಟಾ ನಗರದಲ್ಲಿ ಜನನಾಯಕ ಗೈಟಾನನ ಕೊಲೆಯಾಗಿ ಭಾರಿ ದಂಗೆಯೆದ್ದಿತು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಮಾರ್ಷಲ್ ಆಗ ಅಲ್ಲಿಯೇ ಸಮ್ಮೇಳನವೊಂದರಲ್ಲಿದ್ದನು. ಮುನ್ಸೂಚನೆ ಏಕೆ ದೊರೆಯಲಿಲ್ಲವೆಂದು ಪ್ರತಿನಿಧಿ ಸಭೆಯ ಉಪಸಮಿತಿಯೊಂದು ನಿರ್ದೇಶಕ ಹಿಲೆನ್‌ಕೋಟರನನ್ನು ಕರೆಸಿ ಕೇಳಿತು. ಅವನು ತನ್ನ ಸಂಸ್ಥೆಯ ಮಾನವನ್ನುಳಿಸಲು ರಹಸ್ಯ ತಂತಿಗಳನ್ನೇ ಸಮಿತಿಯ ಮುಂದೆ ಓದಿಬಿಟ್ಟನು. ಮುಂದೆ ಬಂದ ಮುಚ್ಚಿದ ಬಾಗಿಲುಗಳ ಅಭ್ಯಾಸವನ್ನು ನೋಡಿದರೆ ಇದು ಬೇರೊಂದು ಯುಗದ ಘಟನೆಯಂತೆ ಕಾಣುತ್ತದೆ.

೧೯೫೦ರ ದಶಕದ ಪದ್ಧತಿಯು ಹಿರಿಯರ ನಡುವಿನ ಒಪ್ಪಂದದಂತಿತ್ತು. ಸೆನೆಟಿನಲ್ಲಿ ರಿಚರ್ಡ್ ರಸೆಲ್ ಮತ್ತು ಕಾರ್ಲ್ ಹೇಡನ್, ಪ್ರತಿನಿಧಿ ಸಭೆಯಲ್ಲಿ ಕ್ಲಾರೆನ್ಸ್ ಕ್ಯಾನನ್ ಮತ್ತು ಕಾರ್ಲ್ ವಿನ್ಸನ್: ಇಂಥ ಕೆಲವರಿಗೆ ತಿಳಿಸಿದರೆ ಕಾಂಗ್ರೆಸ್ಸಿಗೆ, ಅಂದರೆ ಆ ದೇಶದ ಶಾಸನಾಂಗಕ್ಕೆ, ತಿಳಿಸಿದಂತೆಯೇ ಎಂದು ಎರಡು ಕಡೆಯವರೂ ಭಾವಿಸಿದ್ದರು. ಸಂಸ್ಥೆಯ ಹಣವು ರಕ್ಷಣಾ ಇಲಾಖೆಯ ಲೆಕ್ಕದ ಸಾಲುಗಳಲ್ಲಿ ಅಡಗಿರುತ್ತಿತ್ತು. ಕ್ಯಾನನನ ಚಿಕ್ಕ ಉಪಸಮಿತಿಯ ಸದಸ್ಯರು ಯಾರೆಂಬುದೇ ಪ್ರಕಟವಾಗಿರಲಿಲ್ಲ. ಸಭೆಗಳು ವರ್ಷಕ್ಕೆ ಬೆರಳೆಣಿಕೆಯಷ್ಟು. ಅನೇಕ ಸಲ ನಡೆದದ್ದನ್ನು ಬರೆದುಕೊಳ್ಳುತ್ತಲೇ ಇರಲಿಲ್ಲ. ಬರೆದುಕೊಂಡರೂ, ಸಮಿತಿಗಳಲ್ಲಿ ಭದ್ರವಾದ ಕಪಾಟುಗಳಿಲ್ಲವೆಂಬ ಕಾರಣದಿಂದ, ಆ ಪ್ರತಿಗಳು ಸಂಸ್ಥೆಯ ಭಂಡಾರಕ್ಕೇ ಹಿಂದಿರುಗುತ್ತಿದ್ದವು. ಲೆಕ್ಕ ಕೇಳುವವನ ಖಾತೆಪುಸ್ತಕವು ಲೆಕ್ಕ ಒಪ್ಪಿಸುವವನ ಪೆಟ್ಟಿಗೆಯಲ್ಲಿದ್ದಂತೆ ಆಯಿತು.

ಇಂಥ ಹಿರಿಯರ ಆಶ್ರಯವು ಸಂಸ್ಥೆಗೆ ರಕ್ಷಣೆಯೂ ಆಗಿತ್ತೆಂಬುದನ್ನು ಮರೆಯಬಾರದು. ೧೯೫೩ರ ಜುಲೈ ತಿಂಗಳಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿಯ ಸಮಿತಿಯ ವಕೀಲ ರಾಯ್ ಕೋನ್, ಫೋರ್ಜ್‌ಹೈಮರನಿಗೆ ದೂರವಾಣಿ ಮಾಡಿ, ವಿಲಿಯಂ ಬಂಡಿ ಎಂಬ ಅಧಿಕಾರಿಯನ್ನು ಕೂಡಲೇ ಸಾಕ್ಷ್ಯಕ್ಕೆ ಕಳುಹಿಸಬೇಕೆಂದು ಕೇಳಿದನು. ಬಂಡಿಯ ಅಪರಾಧವೆಂದರೆ ಆಲ್ಜರ್ ಹಿಸ್ಸನ ಮೊಕದ್ದಮೆಯ ನಿಧಿಗೆ ೪೦೦ ಡಾಲರು ಕೊಟ್ಟಿದ್ದುದು. ಅಂದಿನ ದಿನಗಳಲ್ಲಿ ಮೆಕಾರ್ಥಿಯ ಕರೆಗೆ ವಿದೇಶಾಂಗ ಇಲಾಖೆಯಂಥ ಇಲಾಖೆಯೇ ನಡುಗುತ್ತಿತ್ತು. ನಿರ್ದೇಶಕ ಅಲೆನ್ ಡಲ್ಲೆಸ್ ಬಂಡಿಯನ್ನು ರಜೆಯ ಮೇಲೆ ಕಳುಹಿಸಿ, ತಾನೇ ಹೋಗಿ ಮೆಕಾರ್ಥಿಗೆ ತನ್ನ ನಿರಾಕರಣೆಯನ್ನು ತಿಳಿಸಿದನು. ಬಂಡಿ ಸಾಕ್ಷ್ಯ ಹೇಳಲಿಲ್ಲ. ಆ ದಿನ ನ್ಯಾಯವು ಸಂಸ್ಥೆಯ ಪಕ್ಷದಲ್ಲಿತ್ತೆಂದು ನಾವೂ ಒಪ್ಪುತ್ತೇವೆ. ಆದರೆ ಶಾಸಕನೊಬ್ಬನಿಗೆ ‘ಇಲ್ಲ’ ಎಂದು ಹೇಳಿ ದಕ್ಕಿಸಿಕೊಂಡ ಅನುಭವವು ಒಳ್ಳೆಯ ಕಾರಣಕ್ಕೆ ಮಾತ್ರ ನೆನಪಿನಲ್ಲಿ ಉಳಿಯುವಂಥದಲ್ಲ.

ಸೆನೆಟರ್ ಮೈಕ್ ಮ್ಯಾನ್ಸ್‌ಫೀಲ್ಡ್ ಈ ಪದ್ಧತಿಗೆ ಬದಲಾಗಿ ಉಭಯ ಸದನಗಳ ಒಂದು ಜಂಟಿ ಸಮಿತಿಯಿರಬೇಕೆಂದು ನಿರ್ಣಯ ತಂದನು. ಮೂವತ್ತಕ್ಕೂ ಮಿಕ್ಕಿ ಸೆನೆಟರರು ಅದನ್ನು ಅನುಮೋದಿಸಿ ಹೆಸರು ಕೊಟ್ಟಿದ್ದರು. ೧೯೫೬ರ ಏಪ್ರಿಲ್ ೧೧ರಂದು ಮತಕ್ಕೆ ಹಾಕಿದಾಗ ಪರವಾಗಿ ೨೭, ವಿರುದ್ಧವಾಗಿ ೫೯. ಹೆಸರು ಕೊಟ್ಟವರಲ್ಲಿಯೇ ಹಲವರು ತಿರುಗಿದ್ದರು. ಆ ಚರ್ಚೆಯಲ್ಲಿ ಸೆನೆಟರ್ ಸಾಲ್ಟನ್‌ಸ್ಟಾಲ್ ಆಡಿದ ಮಾತಿನ ತಾತ್ಪರ್ಯವು ಹೀಗಿತ್ತು: ಸಂಸ್ಥೆಯವರು ಹೇಳಲು ಹಿಂಜರಿಯುವುದಿಲ್ಲ, ಹಿಂಜರಿಕೆಯಿರುವುದು ಕೇಳುವ ನಮ್ಮಲ್ಲಿಯೇ; ಕೆಲವು ಸಂಗತಿಗಳನ್ನು ತಿಳಿಯದೆ ಇರುವುದೇ ನನಗೆ ಇಷ್ಟ. ಪ್ರಾಮಾಣಿಕವಾದ ಮಾತು. ಅದೇ ವರ್ಷದ ಆರಂಭದಲ್ಲಿ ಇವನಿಗೂ ರಸೆಲನಿಗೂ ಡಲ್ಲೆಸ್ ಯು–೨ ಎಂಬ ಎತ್ತರದ ಹಾರಾಟದ ವಿಮಾನದ ಯೋಜನೆಯನ್ನು ತಿಳಿಸಿದ್ದನು. ೧೯೬೦ರ ಮೇ ೧ರಂದು ಸೋವಿಯತ್ ದೇಶವು ಆ ವಿಮಾನವೊಂದನ್ನು ಕೆಡವಿದಾಗ, ಹತ್ತು ದಿನಗಳೊಳಗಾಗಿ ಕ್ಯಾನನ್ ಪ್ರತಿನಿಧಿ ಸಭೆಯಲ್ಲಿ ಎದ್ದು ನಿಂತು, ಈ ಯೋಜನೆ ತನ್ನ ಉಪಸಮಿತಿಗೆ ತಿಳಿದಿತ್ತೆಂದೂ ಹಣವನ್ನು ತಾವೇ ಕೊಟ್ಟೆವೆಂದೂ ಸಾರಿದನು. ಸಭೆಯು ಚಪ್ಪಾಳೆ ತಟ್ಟಿತು. ತಮಗೆ ಮಾತ್ರ ಏಕೆ ತಿಳಿಸಲಿಲ್ಲವೆಂದು ಉಳಿದ ನಾನೂರಕ್ಕೂ ಮಿಕ್ಕಿದ ಸದಸ್ಯರು ಮುನಿಯಲಿಲ್ಲ.

ಕೇಳದೆ ಇರುವ ಈ ಶಿಷ್ಟಾಚಾರವು ಎಷ್ಟು ದೂರ ಹೋಗಬಲ್ಲದೆಂಬುದು ೧೯೭೧ರ ನವೆಂಬರಿನಲ್ಲಿ ಬಯಲಾಯಿತು. ಲಾವೋಸಿನಲ್ಲಿ ಸಂಸ್ಥೆಯು ಒಂದು ಸೈನ್ಯವನ್ನೇ ಪೋಷಿಸುತ್ತಿತ್ತು. ಆ ಹಣದ ವಿಷಯ ನಿಮಗೆ ಗೊತ್ತಿತ್ತೆ ಎಂದು ಸೆನೆಟಿನಲ್ಲಿ ಪ್ರಶ್ನೆ ಬಂದಾಗ, ಧನವಿನಿಯೋಗ ಸಮಿತಿಯ ಅಧ್ಯಕ್ಷ ಎಲೆಂಡರ್ ತಾನು ಅದನ್ನು ಕೇಳಲೇ ಇಲ್ಲವೆಂದೂ, ಕೇಳಬೇಕೆಂದು ತನಗೆ ಹೊಳೆಯಲೇ ಇಲ್ಲವೆಂದೂ ಉತ್ತರಿಸಿದನು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಯಾವ ನಿಯಮವೂ ಮುರಿದಿಲ್ಲ. ಆದರೂ ಒಂದು ಯುದ್ಧದ ವೆಚ್ಚವು, ಆ ವೆಚ್ಚವನ್ನು ಮಂಜೂರು ಮಾಡಿದವನ ಅರಿವಿಲ್ಲದೆ ನಡೆದುಹೋಗಿತ್ತು.

ಇದರ ಪಕ್ಕದಲ್ಲಿ ಇನ್ನೊಂದು ಸಂದರ್ಭವನ್ನಿರಿಸಿ ನೋಡಬೇಕು. ೧೯೭೩ರ ಫೆಬ್ರವರಿಯಲ್ಲಿ ಮಾಜಿ ನಿರ್ದೇಶಕ ರಿಚರ್ಡ್ ಹೆಲ್ಮ್ಸ್ ಇರಾನಿನ ರಾಯಭಾರಿಯಾಗಿ ನೇಮಕಗೊಳ್ಳುವ ಮೊದಲು ಸೆನೆಟಿನ ವಿದೇಶಾಂಗ ಸಮಿತಿಯ ಮುಂದೆ ಬಂದನು. ಚಿಲಿಯ ಸರ್ಕಾರವನ್ನು ಉರುಳಿಸಲು ಸಂಸ್ಥೆಯು ಪ್ರಯತ್ನಿಸಿತ್ತೆ ಎಂಬ ಪ್ರಶ್ನೆಗೆ ‘ಇಲ್ಲ’ ಎಂದನು. ಅದು ಪರಿಚಿತ ಹಿರಿಯರ ಕೋಣೆಯಾಗಿರಲಿಲ್ಲ. ಪ್ರಮಾಣವಚನದ ಮೇಲೆ ಹೇಳಿದ ಸಾಕ್ಷ್ಯ, ಸಮಿತಿಯವರೇ ಬರೆಯಿಸಿ ಸಮಿತಿಯವರೇ ಇಟ್ಟುಕೊಂಡ ಪ್ರತಿ. ೧೯೭೭ರ ನವೆಂಬರಿನಲ್ಲಿ ಆ ಉತ್ತರಕ್ಕಾಗಿ ಅವನಿಗೆ ೨,೦೦೦ ಡಾಲರು ದಂಡವೂ, ಅಮಾನತಿನಲ್ಲಿರಿಸಿದ ಎರಡು ವರ್ಷಗಳ ಶಿಕ್ಷೆಯೂ ಆಯಿತು. ಸಂಸ್ಥೆಯ ನಿವೃತ್ತ ನೌಕರರು ಚಂದಾ ಎತ್ತಿ ದಂಡದ ಹಣವನ್ನು ಕೂಡಿಸಿಕೊಟ್ಟರು.

ನಡುವಣ ಸುಧಾರಣೆಗಳ ಕಥೆ ಪ್ರಸಿದ್ಧವಾದುದರಿಂದ ಅದನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೯೭೪ರ ಡಿಸೆಂಬರ್ ೨೨ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಸೈಮರ್ ಹರ್ಷನ ವರದಿಯು ಸಂಸ್ಥೆಯು ಸ್ವದೇಶದ ಪ್ರಜೆಗಳ ಮೇಲೆ ನಡೆಸಿದ ಗೂಢಚರ್ಯೆಯನ್ನು ಹೊರಗೆಡಹಿತು. ಅದೇ ತಿಂಗಳಿನಲ್ಲಿ, ಪ್ರತಿಯೊಂದು ಗುಪ್ತ ಕಾರ್ಯಾಚರಣೆಗೂ ಅಧ್ಯಕ್ಷನ ನಿರ್ಣಯವಿರಬೇಕು, ಅದನ್ನು ಕಾಂಗ್ರೆಸ್ಸಿನ ಸಮಿತಿಗಳಿಗೆ ತಿಳಿಸಬೇಕು ಎಂಬ ಹ್ಯೂಸ್–ರಯಾನ್ ತಿದ್ದುಪಡಿ ಶಾಸನವಾಯಿತು. ೧೯೭೫ರಲ್ಲಿ ಸೆನೆಟರ್ ಚರ್ಚನ ಸಮಿತಿಯ ವಿಚಾರಣೆ. ೧೯೭೬ರ ಮೇ ೧೯ರಂದು ಸೆನೆಟಿನಲ್ಲಿ ೭೨ಕ್ಕೆ ೨೨ ಮತಗಳಿಂದ, ೧೯೭೭ರ ಜುಲೈ ೧೪ರಂದು ಪ್ರತಿನಿಧಿ ಸಭೆಯಲ್ಲಿ, ಗುಪ್ತಚರ ವಿಷಯಗಳಿಗೆಂದೇ ಖಾಯಂ ಸಮಿತಿಗಳ ಸ್ಥಾಪನೆ. ಆ ಸಮಿತಿಗಳಿಗೆ ಸ್ವಂತ ಸಿಬ್ಬಂದಿ, ಸ್ವಂತ ಕಪಾಟು, ಸ್ವಂತ ಬರಹಗಾರರು ಬಂದರು. ನಮ್ಮ ದೃಷ್ಟಿಯಲ್ಲಿ ಈ ಕೊನೆಯ ಅಂಶವು ಮತಗಳ ಸಂಖ್ಯೆಗಿಂತ ದೊಡ್ಡದು.

ಶಾಸಕರು ಪತ್ರಿಕೆಗಳಿಂದ ತಿಳಿದು ಪ್ರಶ್ನಿಸುವ ಈ ಕ್ರಮಕ್ಕೆ ನಮ್ಮ ದೇಶಕ್ಕೂ ಸಂಬಂಧಿಸಿದ ಒಂದು ನಿದರ್ಶನವಿದೆ. ೧೯೬೫ರಲ್ಲಿ ನಂದಾದೇವಿ ಶಿಖರಕ್ಕೆ ಭಾರತದ ಮತ್ತು ಅಮೆರಿಕದ ಗುಪ್ತಚರ ಸಂಸ್ಥೆಗಳು ಕೂಡಿ ಒಯ್ದ, ಪ್ಲುಟೋನಿಯಮಿನ ಶಕ್ತಿಯಿಂದ ನಡೆಯುವ ಉಪಕರಣವೊಂದು ಹಿಮದಲ್ಲಿ ಕಳೆದುಹೋಯಿತು. ೧೯೭೮ರ ಏಪ್ರಿಲಿನಲ್ಲಿ ಅಮೆರಿಕದ ನಿಯತಕಾಲಿಕವೊಂದರಲ್ಲಿ ಈ ಸಂಗತಿ ಅಚ್ಚಾಯಿತು. ಪ್ರತಿನಿಧಿ ಸಭೆಯ ಸದಸ್ಯರಾದ ಆಟಿಂಗರ್ ಮತ್ತು ಡಿಂಗೆಲ್ ಅಧ್ಯಕ್ಷ ಕಾರ್ಟರನಿಗೆ ಪತ್ರ ಬರೆದರು. ಕೆಲವೇ ದಿನಗಳಲ್ಲಿ, ಏಪ್ರಿಲ್ ೧೭ರಂದು, ಪ್ರಧಾನಿ ಮೊರಾರ್ಜಿ ದೇಸಾಯಿಯವರು ನಮ್ಮ ಸಂಸತ್ತಿಗೆ ಹೇಳಿಕೆ ಕೊಟ್ಟು, ಎರಡು ಸರ್ಕಾರಗಳೂ ಅತ್ಯುನ್ನತ ಮಟ್ಟದಲ್ಲಿ ಕೈಗೊಂಡ ತೀರ್ಮಾನವದು ಎಂದು ಒಪ್ಪಿಕೊಂಡರು. ಹದಿಮೂರು ವರ್ಷಗಳ ಬಳಿಕ ಎರಡು ದೇಶಗಳ ಶಾಸನಸಭೆಗಳೂ ಒಂದೇ ಪತ್ರಿಕೆಯಿಂದ ಎಚ್ಚೆತ್ತವು. ಅಲ್ಲಿ ಆಗಲೇ ಒಂದು ಸಮಿತಿಯಿತ್ತು, ಇಲ್ಲಿರಲಿಲ್ಲ. ೨೦೧೧ರಲ್ಲಿ ಲೋಕಸಭಾ ಸದಸ್ಯ ಮನೀಶ್ ತಿವಾರಿಯವರು ಗುಪ್ತಚರ ಸಂಸ್ಥೆಗಳ ಅಧಿಕಾರ ಮತ್ತು ನಿಯಂತ್ರಣದ ವಿಷಯವಾಗಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು, ಅದು ಶಾಸನವಾಗಲಿಲ್ಲ.

ಅಮೆರಿಕದ ಹೊಸ ಏರ್ಪಾಡು ಪರೀಕ್ಷೆಗೊಳಗಾದದ್ದು ನಿರ್ದೇಶಕ ವಿಲಿಯಂ ಕೇಸಿಯ ಕಾಲದಲ್ಲಿ. ೧೯೮೦ರ ಶಾಸನವು ಎರಡು ಸಮಿತಿಗಳಿಗೂ ಎಲ್ಲವನ್ನೂ ಆಯಾ ಕಾಲಕ್ಕೆ ಪೂರ್ಣವಾಗಿ ತಿಳಿಸಬೇಕೆಂದು ವಿಧಿಸಿತ್ತು. ೧೯೮೪ರ ಆರಂಭದಲ್ಲಿ ನಿಕರಾಗುವದ ಬಂದರುಗಳಲ್ಲಿ ಸಂಸ್ಥೆಯು ಸಿಡಿಗುಂಡುಗಳನ್ನು ಇರಿಸಿತ್ತು. ಮಾರ್ಚ್ ೮ರಂದು ಸೆನೆಟ್ ಸಮಿತಿಯ ಮುಂದೆ ಎರಡು ಗಂಟೆಗೂ ಹೆಚ್ಚು ಕಾಲ ಮಾತನಾಡಿದ ಕೇಸಿ ಅದನ್ನು ಒಂದೇ ವಾಕ್ಯದಲ್ಲಿ ತೇಲಿಸಿಬಿಟ್ಟನು. ಇಂಗ್ಲಿಷಿನಲ್ಲಿ ಅದು ೨೭ ಪದಗಳ ವಾಕ್ಯ. ಕೇಸಿಯ ಉಚ್ಚಾರವು ಬಹಳ ಅಸ್ಪಷ್ಟವೆಂದು ಪ್ರಸಿದ್ಧವಾಗಿತ್ತು. ಸಮಿತಿಯ ಅಧ್ಯಕ್ಷ ಗೋಲ್ಡ್‌ವಾಟರ್, ಸಂಸ್ಥೆಯ ಹಳೆಯ ಮಿತ್ರ, ಏಪ್ರಿಲ್ ೯ರಂದು ಕಟುವಾದ ಭಾಷೆಯಲ್ಲಿ ಅವನಿಗೆ ಪತ್ರ ಬರೆದನು; ಮರುದಿನ ಸೆನೆಟು ೮೪ಕ್ಕೆ ೧೨ ಮತಗಳಿಂದ ಆ ಕೃತ್ಯವನ್ನು ಖಂಡಿಸಿತು; ಉಪಾಧ್ಯಕ್ಷ ಮೊಯ್ನಿಹನ್ ರಾಜೀನಾಮೆಯನ್ನು ಘೋಷಿಸಿ, ಕೇಸಿ ಕ್ಷಮೆ ಕೇಳಿದ ಮೇಲೆ ಹಿಂತೆಗೆದುಕೊಂಡನು. ಗಮನಿಸಬೇಕಾದುದೇನೆಂದರೆ, ‘ಹೇಳಿದ್ದೆವು’ ಎಂದು ಸಂಸ್ಥೆ ವಾದಿಸಿದಾಗ ಸಮಿತಿಯು ತನ್ನ ಪ್ರತಿಯನ್ನು ತೆಗೆದು ಪದಗಳನ್ನು ಎಣಿಸಿತು. ರಸೆಲನ ಕಾಲದಲ್ಲಿ ಎಣಿಸಲು ಪ್ರತಿಯೇ ಇರುತ್ತಿರಲಿಲ್ಲ. ಅದೇ ಜೂನ್ ತಿಂಗಳಿನಲ್ಲಿ ಏನನ್ನು ಯಾವಾಗ ತಿಳಿಸಬೇಕೆಂಬ ಲಿಖಿತ ಒಡಂಬಡಿಕೆಗೆ ಕೇಸಿ ಸಹಿ ಹಾಕಿದನು. ಅದರ ಮಸಿ ಆರಿ ಎರಡು ವರ್ಷವಾಗುವುದರೊಳಗೆ, ೧೯೮೬ರ ಜನವರಿ ೧೭ರಂದು, ಇರಾನಿಗೆ ಶಸ್ತ್ರ ಮಾರುವ ವಿಷಯವನ್ನು ಕಾಂಗ್ರೆಸ್ಸಿಗೆ ತಿಳಿಸಬಾರದೆಂಬ ನಿರ್ಣಯಪತ್ರಕ್ಕೆ ಅಧ್ಯಕ್ಷ ರೇಗನ್ನನ ಸಹಿ ಬಿತ್ತು. ನವೆಂಬರಿನಲ್ಲಿ ಲೆಬನಾನಿನ ಪತ್ರಿಕೆಯೊಂದು ಅದನ್ನು ಹೊರಗೆಡಹುವವರೆಗೂ ಸಮಿತಿಗಳು ಅರಿಯದೆ ಇದ್ದವು. ನಿರ್ಣಯಗಳು ಬರಹದಲ್ಲಿಯೇ ಇರಬೇಕು, ಅತಿ ವಿಶೇಷ ಸಂದರ್ಭಗಳಲ್ಲಿ ಎಂಟು ಮಂದಿ ನಾಯಕರಿಗೆ ಮಾತ್ರ ತಿಳಿಸಬಹುದು ಎಂಬ ೧೯೯೧ರ ಶಾಸನವು ಈ ಪ್ರಕರಣದ ಫಲ.

ಹೀಗೆ ‘ಕೆಲವರಿಗೆ ಮಾತ್ರ’ ಎಂಬ ಹಳೆಯ ಬಾಗಿಲು ಶಾಸನದೊಳಗೇ ಒಂದಿಷ್ಟು ತೆರೆದುಕೊಂಡು ಉಳಿಯಿತು. ೨೦೦೧ರ ಬಳಿಕ ಬಂದಿಗಳ ಕಠೋರ ವಿಚಾರಣೆಯ ವಿಷಯದಲ್ಲಿ ಸಂಸ್ಥೆಯು ಆ ಬಾಗಿಲನ್ನೇ ಬಳಸಿತು. ಇದರ ಪೂರ್ಣ ತನಿಖೆಗೆ ಸೆನೆಟ್ ಸಮಿತಿಯು ಅರುವತ್ತು ಲಕ್ಷಕ್ಕೂ ಹೆಚ್ಚು ಪುಟಗಳನ್ನು, ಸಂಸ್ಥೆಯೇ ಬಾಡಿಗೆಗೆ ಹಿಡಿದ ಕಟ್ಟಡದಲ್ಲಿ, ಸಂಸ್ಥೆಯೇ ಒದಗಿಸಿದ ಗಣಕಯಂತ್ರಗಳ ಮೇಲೆ ಓದಬೇಕಾಯಿತು. ೨೦೧೪ರಲ್ಲಿ ಸಂಸ್ಥೆಯ ನೌಕರರು ಆ ಯಂತ್ರಗಳಲ್ಲಿ ಸಮಿತಿಯ ಭಾಗವನ್ನು ಹೊಕ್ಕು ನೋಡಿದರೆಂಬುದು ಸಂಸ್ಥೆಯದೇ ಮಹಾಪರಿವೀಕ್ಷಕನ ವಿಚಾರಣೆಯಿಂದ ಸ್ಥಿರಪಟ್ಟು, ನಿರ್ದೇಶಕ ಬ್ರೆನನ್ ಕ್ಷಮೆ ಕೇಳಿದನು. ಅರುವತ್ತು ವರ್ಷಗಳ ಹಿಂದಿನ ಕಪಾಟಿನ ಸಮಸ್ಯೆಯೇ ವೇಷ ಬದಲಿಸಿ ಬಂದಿತ್ತು.

ಗಾತ್ರದಲ್ಲಿ ಇದಕ್ಕಿಂತ ಬಹಳ ಚಿಕ್ಕದಾದರೂ, ಚರಿತ್ರೆಯ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯುಕ್ತವಾದ ಪ್ರಸಂಗ ೨೦೦೯ರ ಮೇ ತಿಂಗಳಿನದು. ಕಠೋರ ವಿಚಾರಣೆಯ ವಿಷಯವನ್ನು ಶಾಸಕರಿಗೆ ಯಾವ ಯಾವ ದಿನ ತಿಳಿಸಲಾಯಿತೆಂಬ ಒಂದು ಪಟ್ಟಿಯನ್ನು ಸಂಸ್ಥೆಯು ಆಗ ಹೊರಡಿಸಿತು. ನಲವತ್ತು ಸಭೆಗಳ ವಿವರ ಅದರಲ್ಲಿತ್ತು. ಅಂದು ಬರೆದ ಟಿಪ್ಪಣಿಗಳಿಂದಲೂ ನೌಕರರ ನೆನಪಿನಿಂದಲೂ ಅದನ್ನು ಸಿದ್ಧಪಡಿಸಲಾಗಿದೆಯೆಂದು ಜೊತೆಯ ಪತ್ರವು ತಿಳಿಸುತ್ತಿತ್ತು. ಆ ಕೋಣೆಗಳಿಗೆ ಶಾಸಕರು ತಮ್ಮ ಸಹಾಯಕರನ್ನು ಕರೆದೊಯ್ಯುವಂತಿರಲಿಲ್ಲವಾದ್ದರಿಂದ, ಪಟ್ಟಿಯನ್ನು ಒರೆಗೆ ಹಚ್ಚಲು ಎರಡನೆಯ ದಾಖಲೆಯೇ ಇಲ್ಲವೆಂದು ಯಾರಾದರೂ ಭಾವಿಸಬಹುದಾಗಿತ್ತು. ಆದರೆ ೨೦೦೨ರಲ್ಲಿ ಸೆನೆಟ್ ಸಮಿತಿಯ ಅಧ್ಯಕ್ಷನಾಗಿದ್ದ ಫ್ಲಾರಿಡದ ಬಾಬ್ ಗ್ರಹಾಮನಿಗೆ ಒಂದು ಅಭ್ಯಾಸವಿತ್ತು. ಎದ್ದ ಹೊತ್ತು, ಉಂಡ ಊಟ, ಕಂಡ ಜನ ಎಲ್ಲವನ್ನೂ ಅವನು ಜೇಬಿನ ಸಣ್ಣ ಪುಸ್ತಕಗಳಲ್ಲಿ ಬರೆದಿಡುತ್ತಿದ್ದನು; ೨೦೦೦ದಲ್ಲಿ ಉಪಾಧ್ಯಕ್ಷ ಪದವಿಗೆ ಅವನ ಹೆಸರು ಕೇಳಿಬಂದಾಗ ಪತ್ರಿಕೆಗಳು ಈ ಚಟವನ್ನು ಕುರಿತು ನಗೆಯಾಡಿದ್ದವು. ತನಗೆ ತಿಳಿಸಿದೆವೆಂದು ಸಂಸ್ಥೆ ಹೇಳುವ ದಿನಗಳು ಯಾವುವೆಂದು ಅವನು ಕೇಳಿದನು. ಸಂಸ್ಥೆಯವರು ನಾಲ್ಕು ದಿನಾಂಕಗಳನ್ನು ಕೊಟ್ಟರು: ಏಪ್ರಿಲಿನಲ್ಲಿ ಎರಡು, ಸೆಪ್ಟೆಂಬರಿನಲ್ಲಿ ಎರಡು. ಗ್ರಹಾಮ್ ತನ್ನ ಪುಸ್ತಕಗಳನ್ನು ತೆರೆದು ನೋಡಿದನು. ನಾಲ್ಕರಲ್ಲಿ ಮೂರು ದಿನ ಅಂಥ ಸಭೆಯೇ ನಡೆದಿರಲಿಲ್ಲ. ನಡೆದದ್ದು ೨೦೦೨ರ ಸೆಪ್ಟೆಂಬರ್ ೨೭ರದು ಮಾತ್ರ. ಸಂಸ್ಥೆಯು ತನ್ನ ಕಡತಗಳನ್ನು ಮತ್ತೊಮ್ಮೆ ಪರಿಶೀಲಿಸಿ, ಅವನ ಪುಸ್ತಕವೇ ಸರಿಯೆಂದು ಒಪ್ಪಿತು.